ಕುಂಕುಮವಿಟ್ಟು ಕೊಟ್ಟ ನೇರಳೆ ಗಿಡ

ವಿಜಯವಾಡದ ಪಟಮಟದಲ್ಲಿ ಮಗಳು ಅಳಿಯನ ಜೊತೆ ನಾನಿದ್ದ ಮನೆಯ ಟೆರೇಸಿನ ಮೇಲೆ ನನ್ನದೊಂದು ನೇರಳೆ ಬಣ್ಣದ ಎಲೆಯ ಗಿಡವಿತ್ತು. ಅದರ ಹೆಸರು ನನಗೆ ಗೊತ್ತಿಲ್ಲ. ಪೂಜೆಗಲ್ಲ, ಸಾರಿಗಲ್ಲ, ಬರೀ ನೋಡುವುದಕ್ಕೆ ಬೆಳೆಸುವ ಗಿಡ. ಆ ಊರಿನ ಬಿಸಿಲಿಗೆ ನಾವೆಲ್ಲ ಬಾಡಿದರೆ ಅದು ಬದನೆಕಾಯಿ ಬಣ್ಣಕ್ಕೆ ತಿರುಗಿ ಸೊಕ್ಕಿ ನಿಲ್ಲುತ್ತಿತ್ತು. ಅಕ್ಕಿ ತೊಳೆದ ನೀರು ಹಾಕುತ್ತಿದ್ದೆ, ಉದ್ದ ಬೆಳೆದ ಕುಡಿ ಮುರಿದು ಅದೇ ಮಣ್ಣಿಗೆ ಚುಚ್ಚುತ್ತಿದ್ದೆ. ಅಷ್ಟೇ ಆರೈಕೆ.

ಅಳಿಯನಿಗೆ ವಿಶಾಖಪಟ್ಟಣದ ಬ್ಯಾಂಕಿಗೆ ವರ್ಗವಾಯಿತು. ಮಗಳಿಗೆ ಪರವಾಡದ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಪೆಂಡುರ್ತಿಯಲ್ಲಿ ಮಹಡಿ ಮನೆ ಹಿಡಿದರು. ಕುಂಡವನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳು ನಾನು. ಮಗಳು ಅದನ್ನು ಟಿವಿಯ ಮೇಲೆ ಕಸೂತಿ ಬಟ್ಟೆ ಹಾಸಿ ಇಟ್ಟಳು. ಬಾಲ್ಕನಿಯಲ್ಲಿಟ್ಟರೆ ನೀರು ಸೋರಿ ಕೆಳಗಿನ ಓನರಮ್ಮನ ರಂಗೋಲಿ ಅಳಿಸುತ್ತದಂತೆ.

"ಕೆಳಗೆ ತಟ್ಟೆ ಇಡ್ತೀನಿ ಕಣೇ."

"ಬೇಡಮ್ಮ, ಆಂಟಿ ಬೇಜಾರು ಮಾಡ್ಕೊಳ್ತಾರೆ."

ಆಂಟಿ, ಆಂಟಿ! ಹೆತ್ತವಳ ಬೇಜಾರು ಲೆಕ್ಕಕ್ಕಿಲ್ಲ. ಬಿಸಿಲಿಲ್ಲದೆ ಗಿಡ ಹಸಿರಾಯಿತು, ಸಣಕಲಾಗಿ ಕಿಟಕಿಯ ಕಡೆ ಕತ್ತು ಚಾಚಿತು. ನಾನು ದಿನಾ ಬೈದೆ. ಅವಳು ದಿನಾ ಕಂಪನಿ ಬಸ್ಸು ಹತ್ತಿದಳು.

ಶ್ರಾವಣದಲ್ಲಿ ಓನರಮ್ಮನನ್ನು ಅರಿಶಿನ ಕುಂಕುಮಕ್ಕೆ ಕರೆದಳು. ನಾನು ಗಂಡ ಸತ್ತವಳು, ಅಡುಗೆಮನೆಯಲ್ಲಿದ್ದೆ. ಒಳಗಿರು ಅಂತ ಯಾರೂ ಹೇಳಲಿಲ್ಲ, ಹೊರಗೆ ಬಾ ಅಂತಲೂ ಹೇಳಲಿಲ್ಲ. ಆಮೇಲೆ ಬಂದು ನೋಡಿದರೆ ಟಿವಿಯ ಮೇಲೆ ಬಟ್ಟೆ ಮಾತ್ರ ಇತ್ತು.

"ಗಿಡ ಎಲ್ಲೇ?"

"ಆಂಟಿ ಚೆನ್ನಾಗಿದೆ ಅಂದ್ರು. ತಾಂಬೂಲದ ಜೊತೆ ಕೊಟ್ಬಿಟ್ಟೆ."

"ನನ್ನನ್ನ ಕೇಳಿದ್ಯಾ?"

"ಬಣ್ಣ ಹೋಗಿತ್ತಲ್ಲಮ್ಮ. ಕುಂಕುಮ ಇಟ್ಟು ಕೊಟ್ಟಾಗಿದೆ, ವಾಪಸ್ ಕೇಳೋ ಹಾಗಿಲ್ಲ."

ಓನರಮ್ಮ ಅದನ್ನು ಗೇಟಿನ ಪಕ್ಕ ಬಿಸಿಲಿಗಿಟ್ಟಳು. ಕೆಲವೇ ವಾರಗಳಲ್ಲಿ ಬದನೆಕಾಯಿ ಬಣ್ಣ ಮರಳಿತು. ಹೋಗಿಬರುವವರಿಗೆಲ್ಲ "ಮಾ ಚೆಟ್ಟು" ಎಂದು ತೋರಿಸುತ್ತಿದ್ದಳು. ಅವಳ ಗಿಡವಂತೆ! ಮೇಲಿಂದ ಕೇಳಿ ಕೇಳಿ ನನ್ನ ಹೊಟ್ಟೆ ಉರಿಯಿತು.

ಒಂದು ಭಾನುವಾರ ಕತ್ತರಿ ಹಿಡಿದು ಇಳಿದೆ. ಅವಳು ಪಕ್ಕದ ಮನೆಯವಳ ಜೊತೆ ಮಾತಾಡುತ್ತಿದ್ದಳು. ಅವಳ ಕಣ್ಣೆದುರೇ ದಪ್ಪ ದಪ್ಪ ಕುಡಿಗಳನ್ನು ಕತ್ತರಿಸಿದೆ.

"ಅಯ್ಯೋ ಪೆದ್ದಮ್ಮಗಾರೂ! ಮೀ ಅಮ್ಮಾಯಿ ಬೊಟ್ಟು ಪೆಟ್ಟಿ ಇಚ್ಚಿಂದಿ ಕದಾ!"

ಮಗಳು ಕುಂಕುಮವಿಟ್ಟು ಕೊಟ್ಟದ್ದಕ್ಕೆ ಕೈ ಹಾಕುತ್ತೀಯಲ್ಲ ಎಂದು ಅವಳ ಗೋಳು. ನಾನು ಕನ್ನಡದಲ್ಲೇ ಅಂದೆ, ಅವಳಿಗೆ ಅರ್ಥವಾಯಿತು.

"ಕೊಟ್ಟೋಳು ಅವಳು, ತಗೊಂಡೋಳು ನೀನು. ನನ್ನನ್ನ ಯಾರಾದ್ರೂ ಕುಂಕುಮಕ್ಕೆ ಕರೆದ್ರಾ? ಕರೀದೇ ಇರೋಳಿಗೆ ಆ ಶಾಸ್ತ್ರ ಎಲ್ಲಿಂದ ಅಂಟ್ಕೊಳ್ತು?"

ಪಕ್ಕದ ಮನೆಯವಳು ಕಿಸಕ್ಕೆಂದಳು. ಮೆಟ್ಟಿಲ ಮೇಲೆ ನಿಂತ ಮಗಳು ಹಣೆ ಹಣೆ ಬಡಿದುಕೊಂಡಳು.

"ಮನೆ ಖಾಲಿ ಮಾಡಿ ಅಂದ್ರೆ ಏನಮ್ಮ ಮಾಡ್ಲಿ?"

"ಮಾಡೋಣ. ಈ ಸಲ ಬಾಡಿಗೆಗೆ ಬಿಸಿಲೂ ಬರುತ್ತಾ ಕೇಳ್ಕೋ."

ಖಾಲಿ ಮಾಡಿಸಲಿಲ್ಲ. ಕುಡಿಗಳನ್ನು ಬಾಲ್ಕನಿಯಲ್ಲೇ ನೆಟ್ಟೆ, ನೀರು ಸೋರಿದರೆ ಸೋರಲಿ ಅಂತ. ಅಲ್ಲಿಂದ ಮುಂದೆ ಮನೆಯಲ್ಲಿ ಅರಿಶಿನ ಕುಂಕುಮವಾದಾಗಲೆಲ್ಲ, ಬಂದವರಿಗೆ ಕಾಣುವ ಹಾಗೆ, ಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ.