ನನ್ನ ಕೈಗೆ ಸಿಕ್ಕಿದ್ದ ಗಂಟು

ಗಂಗಮ್ಮಾ, ನಿನ್ನ ಹೊಟ್ಟೆಯಲ್ಲಿದ್ದ ಗಂಟು ಅಂದೇ ನನ್ನ ಕೈಗೆ ಸಿಕ್ಕಿತ್ತು. ಏನೂ ಇಲ್ಲವೆಂದು ಹೇಳಿದವನು ನಾನು — ನಿನ್ನ ಒಡಹುಟ್ಟಿದ ಅಣ್ಣ.

ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವವರಿಗೆ ನನ್ನ ಕೈಯ ಮೇಲೆ ಎಂಥ ನಂಬಿಕೆ! ಭಾರ ಎತ್ತಿ ಹೊಟ್ಟೆ ಹಿಡಿದುಕೊಂಡವರಿಗೆ ಎಣ್ಣೆ ಹಚ್ಚಿ, ಹೊಕ್ಕುಳದ ಸುತ್ತ ತಿಕ್ಕಿ, ಸರಿದ ಬಟ್ಟಿಯನ್ನು, ಅಂದರೆ ಹೊಕ್ಕುಳದ ನರವನ್ನು, ಮತ್ತೆ ಕೂರಿಸುವವನು ನಾನು. ನಾಲ್ಕನೇ ಕ್ಲಾಸಿಗೇ ಸಾಲೆ ಬಿಟ್ಟವನಿಗೆ ಅದೊಂದೇ ದೊಡ್ಡಸ್ತಿಕೆ.

ಕುರುಗೋಡಿನ ಗಂಡನ ಮನೆಯಲ್ಲಿ ನಿನಗೆ ನೋವು ಬರುವುದು, ಹೋಗುವುದು. ಬಂದಾಗ ನೀನು ಮುದುಡಿ ಬೀಳುತ್ತಿದ್ದೆ. ಹೋದಮೇಲೆ ಎದ್ದು ರೊಟ್ಟಿ ಬಡಿಯುತ್ತಿದ್ದೆ. ಅದಕ್ಕೇ ಯಾರೂ ನಂಬಲಿಲ್ಲ.

"ನಾಟಿ ಶುರುವಾತಂದ್ರ ನಮ್ಮ ಸೊಸಿಗೆ ಹೊಟ್ಟಿನೋವೂ ಶುರುವಾಗ್ತೈತಿ. ಹಬ್ಬದಾಗ ಮಾತ್ರ ಬರಂಗಿಲ್ಲ ನೋಡ್ರಿ," ಎಂದು ನಿನ್ನ ಅತ್ತೆ ನನ್ನೆದುರೇ ಹಂಗಿಸಿದಳು.

ಮೈಯುರಿಯಿತು. ನಿನ್ನನ್ನು ಮಲಗಿಸಿ ತಿಕ್ಕಿದೆ. ಹೊಕ್ಕುಳದ ಬಲಕ್ಕೆ — ಹೆಬ್ಬೆರಳಿನಷ್ಟು ದಪ್ಪ, ಬಿಗಿಯಾಗಿ, ಉದ್ದಕ್ಕೆ... ಬಟ್ಟಿ ಹಾಗಿರುವುದಿಲ್ಲ. ನನಗೆ ಗೊತ್ತಾಯಿತು.

"ಯಣ್ಣಾ, ಅಲ್ಲೇನೋ ಐತಲ್ಲ?" ಎಂದೆ ನೀನು.

ಬಾಗಿಲ ತುಂಬ ಬೀಗರು. ನನ್ನ ಕೈ ಸೋತಿತೆಂದು ಅವರೆದುರು ಹೇಳುವುದೇ?

"ಏನಿಲ್ಲವ್ವ. ಬಟ್ಟಿ ಕುಂತೈತಿ. ಏಳು."

ನೋವು ತಾನಾಗಿಯೇ ಇಳಿದಿತ್ತು, ನೀನು ಎದ್ದೆ. ಅಲ್ಲಿಂದಾಚೆ ನರಳಿದಾಗಲೆಲ್ಲ "ನಿಮ್ಮಣ್ಣನೇ ಏನಿಲ್ಲ ಅಂದಾನ" ಎಂದರಂತೆ. ನಿನ್ನ ಬಾಯಿ ಮುಚ್ಚಿಸಲು ಅವರಿಗೆ ನಾನೇ ಮಾತು ಕೊಟ್ಟಿದ್ದೆ.

ಕೊನೆಗೆ ನಿನ್ನನ್ನು ಬಳ್ಳಾರಿಯ ಆಸ್ಪತ್ರೆಗೆ ಹೊತ್ತೊಯ್ಯುವಷ್ಟರಲ್ಲಿ ವಾಂತಿ ನಿಲ್ಲುತ್ತಿರಲಿಲ್ಲ. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಬಿಡಿಸಿ ಹೇಳಿದರು: ಕರುಳಲ್ಲಿ ಕೊಬ್ಬಿನ ಗಂಟು ಬೆಳೆದಿದೆ, ಅದು ಕರುಳನ್ನು ಕರುಳಿನೊಳಕ್ಕೇ ಎಳೆದುಕೊಂಡಿದೆ, ಹೀಗೆ ಕರುಳು ಒಳಸೇರುವುದನ್ನು ಎಳೆ ಮಕ್ಕಳಲ್ಲಿ ಕಾಣುತ್ತೇವೆ, ದೊಡ್ಡವರಲ್ಲಿ ಅಪರೂಪ. ಆಪರೇಷನ್ ಮಾಡಿ, ಕೆಟ್ಟ ಭಾಗ ಕತ್ತರಿಸಿ ಜೋಡಿಸಿದರು.

"ಮೊದಲೇ ಗಂಟು ಯಾರ ಕೈಗಾದ್ರೂ ಸಿಕ್ಕಿತ್ತೇನ್ರೀ?"

"ಇಲ್ರೀ ಮೇಡಂ."

ಅಷ್ಟು ಹೇಳಿ ಹೊರಬಂದವನು ನಿನ್ನ ಅತ್ತೆಯ ಮೇಲೆ ಹರಿಹಾಯ್ದೆ. "ನನ್ನ ತಂಗಿ ನೆವಾ ಮಾಡ್ತಾಳ ಅಂದ್ರಲ್ಲ, ನಾಚಿಕಿ ಆಗಂಗಿಲ್ಲೇನ್ರಿ ನಿಮಗ?" ಆ ಮುದುಕಿ ತಲೆ ತಗ್ಗಿಸಿದಳು. ಅಣ್ಣನೆಂದರೆ ಹೀಗಿರಬೇಕು ಎಂದರು ನೋಡಿದವರು — ಥೂ! ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ...

ನೀನು ಉಳಿದೆ, ಅದು ನನ್ನಿಂದಲ್ಲ. ಇಷ್ಟು ವರ್ಷವಾದರೂ ಅತ್ತೆಯನ್ನೇ ದೂರುತ್ತೀ, ನನ್ನನ್ನು ಹೊಗಳುತ್ತೀ. ಸಾಕು. ಸೋಮವಾರ ಕುರುಗೋಡಿಗೆ ಬರುತ್ತೇನೆ. ನಿನ್ನ ಅತ್ತೆಯನ್ನೂ ಬೀಗರನ್ನೂ ಕೂರಿಸಿ ಹೇಳುತ್ತೇನೆ: ಗಂಗಮ್ಮ ನಿಜವನ್ನೇ ಹೇಳಿದ್ದಳು, ನಾನು ಅದನ್ನು ಕೈಯಾರೆ ಮುಟ್ಟಿಯೂ ಸುಳ್ಳು ಮಾಡಿದೆ.

ಆಮೇಲೆ ನೀನು ನನ್ನನ್ನು ಒಳಗೆ ಕರೆಯಬೇಕಾಗಿಲ್ಲ.