ಖಲೀಫಾ ಸಿಟಿಯಾಚೆಯ ನದಿ

ದುಬೈಗೆ ಬಂದ ಮೇಲೆ ನನಗೆ ಸಿಕ್ಕಿದ್ದು ನದಿಗಳ ಕೆಲಸ. ಒಂದೂ ನದಿಯಿಲ್ಲದ ದೇಶದಲ್ಲಿ, ಜುಮೇರಾ ಲೇಕ್ ಟವರ್ಸ್‌ನ ಸಣ್ಣ ಆಫೀಸಿನಲ್ಲಿ ಕೂತು, ಉಪಗ್ರಹ ತೆಗೆದ ನಮ್ಮ ಊರ ಕಡೆಯ ನದಿಗಳ ಚಿತ್ರ ನೋಡುವುದು. ಎಲ್ಲಿ ನೀರು ತಿಳಿಯಾಗಿದೆ, ಎಲ್ಲಿ ಪಾಚಿ ಕಟ್ಟಿದೆ ಎಂದು ಗುರುತು ಹಾಕಿ ಕಂಪ್ಯೂಟರಿಗೆ ಕಲಿಸುವುದು. ಕಲಿತ ಮೇಲೆ ಅದು ಹೊಸ ಚಿತ್ರ ನೋಡಿ ತಾನೇ ನದಿಯ ಆರೋಗ್ಯ ಹೇಳಬೇಕು. ಧಾರವಾಡದವರಾದ ನನ್ನ ಯಜಮಾನರು ಯಾರಾದರೂ ಕೇಳಿದರೆ, "ನಮ್ಮಾಕಿ ನದಿಗೋಳ ಡಾಕ್ಟರ್ ಅದಾಳ್ರಿ" ಎನ್ನುತ್ತಿದ್ದರು.

ನಮ್ಮ ಬಾಸ್ ಮಂಗಳೂರಿನವರು. ಒಂದು ದಿನ, "ಈಗ ಇದಕ್ಕೆ ನದಿಯೇ ಇಲ್ಲದ ಜಾಗದ ಚಿತ್ರ ಕೊಟ್ಟು ನೋಡುವ. ಇಲ್ಲ ಅಂತ ಹೇಳಿದ್ರೆ ಪಾಸ್" ಎಂದರು. ಅಬುಧಾಬಿಯ ಚಿತ್ರ ಕೊಟ್ಟೆವು. ಕಂಪ್ಯೂಟರ್ ಬಹಳ ಹೊತ್ತು ಗುರುಗುಟ್ಟಿ, ಖಲೀಫಾ ಸಿಟಿಯಾಚೆ ಉದ್ದನೆಯ ನದಿಯೊಂದನ್ನು ತೋರಿಸಿತು. ಅದೂ ಕಾಯಿಲೆಯ ನದಿ, ಈ ತುದಿಯಿಂದ ಆ ತುದಿಗೆ ಪಾಚಿ.

"ಇಲ್ಲಿ ನದಿ ಎಲ್ಲಿಂದ ಬರ್ಬೇಕ್ರಿ ಸರ್?" ಎಂದೆ.

"ಹೊಸ ಕಾಲುವೆ ಮಾಡಿರ್ಬಹುದು ಮಾರಾಯ್ರೆ. ಈ ಊರಲ್ಲಿ ನಿನ್ನೆ ಇಲ್ಲದ್ದು ಇವತ್ತು ಇರ್ತದೆ. ಶುಕ್ರವಾರ ಹೋಗಿ ನೋಡುವ."

ಶುಕ್ರವಾರ ಬಾಸ್‌ನ ಕಾರಿನಲ್ಲಿ ಅವರು, ಅವರ ಹೆಂಡತಿ, ನಾನು, ನನ್ನ ಯಜಮಾನರು ಹೊರಟೆವು. ನದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಹೆಂಡತಿ ನೀರುದೋಸೆ, ಕೋಳಿಸಾರು, ಚಾಪೆ, ಕಾಲು ಒರೆಸಿಕೊಳ್ಳಲು ಟವೆಲ್ ಎಲ್ಲ ತುಂಬಿಕೊಂಡು ಬಂದಿದ್ದರು. ಬಾಸ್ ನೀರಿನ ಸ್ಯಾಂಪಲ್‌ಗೆಂದು ತೊಳೆದ ಬಾಟಲಿ ತಂದಿದ್ದರು.

ನಕ್ಷೆ ತೋರಿಸಿದ ಜಾಗದಲ್ಲಿ ಇದ್ದದ್ದು ಗಿಡಗಳ ನರ್ಸರಿ. ಒಂದಲ್ಲ, ರಸ್ತೆಯ ಬದಿಗೆ ಸಾಲಾಗಿ ಹತ್ತಾರು. ಬಿಸಿಲು ತಡೆಯಲು ಎಲ್ಲದರ ಮೇಲೂ ಹಸಿರು ಬಲೆ ಕಟ್ಟಿದ್ದರು. ರಸ್ತೆ ತಿರುಗಿದಂತೆ ಬಲೆಯ ಸಾಲೂ ತಿರುಗಿತ್ತು. ನಮ್ಮ ನದಿ ಅದೇ.

ಬಾಸ್ ಸೋಲೊಪ್ಪಲಿಲ್ಲ. ಬಾಟಲಿ ಹಿಡಿದು ಇಳಿದರು. ನರ್ಸರಿಯವನು ಬಂದವನೇ ಅದನ್ನು ತೆಗೆದುಕೊಂಡು ನಲ್ಲಿಯ ನೀರು ತುಂಬಿಸಿ ಕೊಟ್ಟ.

"ಇಧರ್ ನದೀ ಹೈ ಕ್ಯಾ?" ಬಾಸ್ ಕೇಳಿದರು.

"ನದೀ ಮಾಫಿ, ಸಾಬ್. ಗುಲಾಬ್ ಹೈ, ಮೋಗ್ರಾ ಹೈ." ಮಾಫಿ ಎಂದರೆ ಇಲ್ಲಿಯ ಅರಬ್ಬಿಯಲ್ಲಿ ಇಲ್ಲ ಎಂದು.

ನನ್ನ ಯಜಮಾನರು ಮೆಲ್ಲಗೆ, "ಡಾಕ್ಟರಮ್ಮ, ಪೇಶಂಟ್ ಹೆಂಗದಾನ?" ಎಂದರು. ನನಗೆ ಅವಮಾನವೂ ಆಯಿತು, ನಗುವೂ ತಡೆಯಲಾಗಲಿಲ್ಲ. ನರ್ಸರಿಯವನನ್ನೂ ಕೂರಿಸಿಕೊಂಡು ಬಲೆಯ ನೆರಳಲ್ಲೇ ದೋಸೆ ತಿಂದೆವು. ಬಾಸ್‌ನ ಹೆಂಡತಿ ಎರಡು ಮಲ್ಲಿಗೆ ಗಿಡ ಕೊಂಡರು.

ಮರುವಾರ ಕೂತು, ಬಲೆ ನದಿಯಲ್ಲ ಎಂದು ಕಂಪ್ಯೂಟರಿಗೆ ಕಲಿಸಿದೆ. ಅದು ಅತಿವಿಧೇಯ ವಿದ್ಯಾರ್ಥಿ. ಊರಿನ ನದಿಯ ಚಿತ್ರ ಕೊಟ್ಟರೆ, ಪಾಚಿ ಕಟ್ಟಿದ ಕಡೆಯೆಲ್ಲ ಬಲೆ ಎಂದಿತು.

ಬಾಸ್ ತಲೆ ಹಿಡಿದುಕೊಂಡರು. "ಮೊದಲು ನರ್ಸರಿಯನ್ನು ನದಿ ಮಾಡಿತು. ಈಗ ನದಿಯನ್ನೇ ನರ್ಸರಿ ಮಾಡಿತಲ್ಲ."

ಆಮೇಲೆ ನನಗೆ ಹೊಳೆಯಿತು. ಬಲೆ ವರ್ಷವಿಡೀ ಹಾಗೇ ಇರುತ್ತದೆ, ಪಾಚಿ ಹಾಗಿರುವುದಿಲ್ಲ. ಬೇಸಿಗೆಯಲ್ಲಿ ಹಬ್ಬುತ್ತದೆ, ಮಳೆಗಾಲದ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಒಂದೇ ಜಾಗದ ಬೇಸಿಗೆ ಮತ್ತು ಮಳೆಗಾಲದ ಚಿತ್ರಗಳನ್ನು ಜೋಡಿಯಾಗಿ ಕೊಡುತ್ತ ಮತ್ತೆ ಮೊದಲಿನಿಂದ ಕಲಿಸಿದೆ. ಎಷ್ಟೋ ವಾರ ಹಿಡಿಯಿತು. ಕೊನೆಗೆ ಕಂಪ್ಯೂಟರ್ ಅಬುಧಾಬಿಯಲ್ಲಿ ನದಿಯಿಲ್ಲ ಎಂದಿತು. ಊರಿನ ನದಿ ಪೇಟೆ ದಾಟಿದ ಮೇಲೆ ಪೂರ್ತಿ ಹದಗೆಟ್ಟಿದೆ ಎಂದೂ ಸರಿಯಾಗಿ ತೋರಿಸಿತು.

ಬಾಸ್ ಖುಷಿಯಿಂದ ಕಾಜು ಬರ್ಫಿ ತರಿಸಿ ಆಫೀಸಿಗೆಲ್ಲ ಹಂಚಿದರು. ಪರದೆಯ ಮುಂದೆ ನಿಂತು ತಿನ್ನುತ್ತಿದ್ದವರು ತಟ್ಟನೆ ಅಗಿಯುವುದನ್ನು ನಿಲ್ಲಿಸಿದರು.

"ನದಿಗೆ ಹುಷಾರಿಲ್ಲ ಅಂತ ಗೊತ್ತಾದ್ದಕ್ಕೆ ನಾವು ಸ್ವೀಟ್ ಹಂಚಿದ್ದಲ್ವಾ ಮಾರಾಯ್ರೆ" ಎಂದರು.

ಅವರು ಪರದೆಯ ಮೇಲಿನ ಪಾಚಿಯ ಹಸಿರನ್ನೇ ನೋಡುತ್ತ, ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡರು.