ಪಾಟೀಲರ ಖಾನೆ

ಗೆಳೆಯರೇ, ಹಲ್ಲುನೋವಿದ್ದವನೂ ಇಷ್ಟು ನಗಬಹುದೆಂದು ಇವತ್ತೇ ಗೊತ್ತಾಯಿತು! ನಮ್ಮ ಇಂಡಿ ಪಟ್ಟಣದ ದವಾಖಾನೆಗೆ ಮೈಸೂರು ಕಡೆಯಿಂದ ಬಂದ ಹೊಸ ಕಂಪೌಂಡರ್, ಬೇಗ ಸಿಗಲೆಂದು ರೋಗಿಗಳ ಕಾರ್ಡುಗಳನ್ನೆಲ್ಲ ಅಡ್ಡಹೆಸರಿನ ಪ್ರಕಾರ ಕಪಾಟಿನ ಖಾನೆಗಳಲ್ಲಿ ಜೋಡಿಸಿದ್ದಾರೆ. ಉಳಿದ ಖಾನೆಗಳು ಖಾಲಿ. ಪಾಟೀಲರದು ಮಾತ್ರ ಎಷ್ಟು ತುಂಬಿದೆಯೆಂದರೆ, ಎಳೆದರೂ ತೆರೆಯದು. ನನ್ನ ಕಾರ್ಡು ಅದರೊಳಗೇ ಇದೆ.

ಅವರು ಬಾಗಿಲಿಗೆ ಬಂದು, "ಪಾಟೀಲರು ಯಾರ್ರೀ?" ಎಂದು ಕೂಗಿದರು. ಸಾಲಿಗೆ ಸಾಲೇ ಎದ್ದು ನಿಂತಿತು.

"ಅಯ್ಯೋ, ಇಷ್ಟು ಜನರಲ್ಲಿ ಹೇಗ್ರೀ ಹುಡುಕೋದು?"

ನನ್ನ ಪಕ್ಕದಲ್ಲಿದ್ದ ಹಲಸಂಗಿಯ ಅಜ್ಜಿ ನನ್ನ ಊದಿದ ಕೆನ್ನೆಯತ್ತ ನೋಡಿ ಹೇಳಿದಳು: "ಗಲ್ಲ ಬಾತ ಪಾಟೀಲ ಅನ್ರಿ, ಒಬ್ಬಾಂವನ ಉಳೀತಾನ."

ಕಂಪೌಂಡರ್ ಹಾಗೆಯೇ ಕೂಗಿದರು. ನಿಂತವರಲ್ಲಿ ಒಬ್ಬರೂ ಕುಳಿತುಕೊಳ್ಳಲಿಲ್ಲ.

ಇವತ್ತು ಬಿಜಾಪುರದಿಂದ ಹಲ್ಲಿನ ಡಾಕ್ಟರು ಬರುವ ದಿನ!